ಕಲ್ಲುಮರಿಗೆಯ ಅರಳಿ

ನಮ್ಮ ಅತ್ತೆಯ ಹಣೆಯ ಮೇಲಿನ ವಿಭೂತಿಯ ಮೂರು ಗೆರೆ ಮೂರಾಗಿಯೇ ಉಳಿಯುತ್ತಿದ್ದದ್ದು ಬೆಳಗಿನ ಪೂಜೆಯಿಂದ ಹಿತ್ತಲ ಬಾಗಿಲಿನವರೆಗೆ ಮಾತ್ರ. ಹಿತ್ತಲಿಗೆ ಇಳಿದರೆಂದರೆ ಮಣ್ಣಾದ ಮುಂಗೈಯಿಂದಲೇ ಬೆವರು ಒರೆಸಿಕೊಳ್ಳುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಬಿಳಿಯ ಮೇಲೆ ಕೆಮ್ಮಣ್ಣು ಮೆತ್ತಿಕೊಂಡು ಹಣೆಯೆಲ್ಲ ಸಾರಿಸಿದ ಗೋಡೆಯ ಹಾಗೆ ಕಾಣುತ್ತಿತ್ತು. ಒಮ್ಮೆ ಮರಿಯಮ್ಮನಹಳ್ಳಿಯ ಕಡೆಯಿಂದ ಬೆಲ್ಲ ಕೊಳ್ಳಲು ಬಂದ ಗಿರಾಕಿಯೊಬ್ಬ ಅವರನ್ನು ಮನೆಗೆಲಸದವಳೆಂದು ತಿಳಿದು, "ಯವ್ವಾ, ಒಳಗ ಅಮ್ಮಾರು ಅದಾರೇನು ನೋಡು" ಎಂದ. ಅತ್ತೆ ಒಳಗೆ ಹೋಗಿ, ಕೈ ತೊಳೆದು, ಸೆರಗು ಸರಿಮಾಡಿಕೊಂಡು ಹೊರಗೆ ಬಂದು, "ಅದಾರ ನೋಡಪ್ಪ. ಏನಾಗಬೇಕಾಗಿತ್ತು?" ಎಂದರು. ಆ ಮನುಷ್ಯ ಬಂದ ಕೆಲಸವನ್ನೇ ಮರೆತು ಬಸ್ ಹಿಡಿದನಂತೆ.

ನಾನು ಸಂಡೂರಿನವಳು. ಹೊಸಪೇಟೆ ಆಗ ಮದ್ರಾಸ್ ಸರ್ಕಾರದ್ದು, ಸಂಡೂರು ರಾಜರದ್ದು. ಗುಡ್ಡ ಇಳಿದರೆ ಬೇರೆ ಸೀಮೆ. ನಮ್ಮವ್ವ ನನ್ನನ್ನು ಗಾಡಿ ಹತ್ತಿಸುವಾಗ ಮಗಳನ್ನು ಪರದೇಶಕ್ಕೆ ಕಳಿಸುವವಳ ಹಾಗೆ ಗೋಳಾಡಿದ್ದಳು. ಮದುವೆಯಾಗಿ ಬಂದ ಹೊಸಪೇಟೆಯ ಮನೆ ಚೆನ್ನಾಗಿತ್ತು. ಬಜಾರಿನಲ್ಲಿ ಬೆಲ್ಲದ ಅಂಗಡಿ, ಕಂಪ್ಲಿಯಲ್ಲಿ ಮನೆತನದ ಗದ್ದೆ. ಮಾವನವರು ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಅತ್ತೆ, ಅವರ ಒಬ್ಬನೇ ಮಗ, ಅಂದರೆ ನಮ್ಮ ಮನೆಯವರು, ಆಮೇಲೆ ನಾನು. ಇಷ್ಟೇ ಜನ.

ನಾಲ್ಕನೆಯದೊಂದು ಜೀವ ಹಿತ್ತಲಲ್ಲಿತ್ತು. ಅದರ ವಿಷಯ ನನಗೆ ಸರಿಯಾಗಿ ಗೊತ್ತಾದದ್ದು ಮೊದಲ ಸಲ ತವರಿಗೆ ಹೊರಟಾಗ. ತವರಿನಿಂದ ಮರಳುವ ಸೊಸೆಯಂದಿರು ಬುತ್ತಿ ತರುತ್ತಾರೆ, ಕುಪ್ಪಸದ ಖಣ ತರುತ್ತಾರೆ. ನಮ್ಮ ಅತ್ತೆ ಕಿವಿಯ ಹತ್ತಿರ ಬಂದು, "ತಂಗೀ, ಬರೋ ಮುಂದ ನಿಮ್ಮೂರ ಕೆಂಪು ಮಣ್ಣು ಒಂದು ಗಂಟು ತಗೊಂಬಾ. ಗುಡ್ಡದ ಬುಡದ್ದು ತರಬೇಕು ಮತ್ತ, ಹೊಲದ್ದಲ್ಲ" ಎಂದರು. ಇದನ್ನು ಕೇಳಿ ನಮ್ಮವ್ವ ಎದೆ ಎದೆ ಬಡಿದುಕೊಂಡಳು. "ಮಣ್ಣು ಕೇಳ್ಯಾಳಂದ್ರ ಮಾಟ-ಗೀಟ ಮಾಡ್ತಾಳೇನೋ ಶಿವನೇ, ಎಂಥಾ ಮನಿಗೆ ಕೊಟ್ವಿ!" ಎಂದು ಅಪ್ಪನ ಮೇಲೆ ಹರಿಹಾಯ್ದಳು. ಅಪ್ಪ ನಕ್ಕು, ತಾನೇ ಹೋಗಿ ಮಣ್ಣು ಅಗೆದು ತಂದು ಹಳೆಯ ಪಂಚೆಯಲ್ಲಿ ಕಟ್ಟಿಕೊಟ್ಟ. ಮುಟ್ಟಿದರೆ ಕೈಗೆ ಕುಂಕುಮ ಹತ್ತಿದ ಹಾಗೆ ಹತ್ತುವ ಮಣ್ಣು ಅದು. ಅತ್ತೆ ಗಂಟು ಬಿಚ್ಚಿ, ಮೂಸಿ ನೋಡಿ, ನನ್ನ ಗಲ್ಲ ಹಿಡಿದು ಅಲುಗಾಡಿಸಿದರು. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಮುದ್ದು ಅದೇ.

ಮಣ್ಣು ಬೇಕಾಗಿದ್ದದ್ದು ಒಂದು ಅರಳಿ ಗಿಡಕ್ಕೆ. ಅರಳಿಯೆಂದರೆ ಕಟ್ಟೆ ಕಟ್ಟಿಸಿಕೊಂಡು ಊರಿಗೆಲ್ಲ ನೆರಳು ಕೊಡುವ ಮರ. ನಮ್ಮ ಹಿತ್ತಲಿನದು ಮೊಣಕಾಲೆತ್ತರ. ಉಪ್ಪಿನಕಾಯಿ ಹಾಕುವ ಅಗಲ ಬಾಯಿಯ ಕಲ್ಲುಮರಿಗೆಯಲ್ಲಿ ಇತ್ತು. ಕಾಂಡ ಮಾತ್ರ ಹಳೆಯ ಮರದ ಹಾಗೇ ಗಂಟುಗಂಟಾಗಿ, ಬುಡದ ಬೇರುಗಳು ಮರಿಗೆಯ ಅಂಚನ್ನು ಬೆರಳಿನಿಂದ ಹಿಡಿದಂತೆ ಹಿಡಿದಿದ್ದವು. ಎಲೆಗಳು ಎಳೆಮಗುವಿನ ಅಂಗೈಯಷ್ಟು. ಗಾಳಿ ಬಂದರೆ ದೊಡ್ಡ ಅರಳಿಯ ಹಾಗೆಯೇ ಪಟಪಟ ಎನ್ನುತ್ತಿದ್ದವು, ಸದ್ದು ಮಾತ್ರ ಸಣ್ಣದು.

ಅದು ಬಂದ ಕತೆಯನ್ನು ಅತ್ತೆ ಎಷ್ಟು ಸಲ ಹೇಳಿದರೂ ಬೇಸರವಾಗುತ್ತಿರಲಿಲ್ಲ. ಮಾವನವರು ತೀರಿಕೊಂಡ ವರ್ಷದ ಮಳೆಗಾಲದಲ್ಲಿ ಮನೆಯ ಹಿಂದಿನ ಗೋಡೆಯ ಬಿರುಕಿನಲ್ಲಿ ಅರಳಿಯ ಸಸಿ ಹುಟ್ಟಿತು. ಯಾರೂ ಕೀಳಲಿಲ್ಲ. ದೇವರ ಗಿಡ, ಕಿತ್ತವರ ವಂಶ ಉಳಿಯುವುದಿಲ್ಲ ಎಂಬ ಹೆದರಿಕೆ. ಕೀಳದಿದ್ದರೆ ಇರಲಿ, ಓಣಿಯ ಹೆಂಗಸರು ಬಂದು ಗೋಡೆಗೆ ಚೊಂಬಿನಿಂದ ನೀರು ಎರಚಿ ಅದನ್ನು ಸಾಕತೊಡಗಿದರು. ಅದು ಬೆಳೆದಂತೆಲ್ಲ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ಹೊರಗೆ ಬಂತು. ಗೌಂಡಿಯನ್ನು ಕರೆದರೆ ಆತ ಗಿಡ ನೋಡಿ ಕೈಮುಗಿದು ಹೊರಟುಹೋದ. "ಮುಟ್ಟಿದವ್ರ ಮನಿ ಹಾಳಾಗ್ತೈತ್ರಿ ಅಮ್ಮಾರ" ಎಂದನಂತೆ. "ಮುಟ್ಟದಿದ್ರ ನನ್ನ ಮನಿ ಹಾಳಾಗ್ತೈತಲ್ಲೋ ಮಾರಾಯ!" ಎಂದು ಅತ್ತೆ ತಾವೇ ಹಾರೆ ತೆಗೆದುಕೊಂಡರು. ಗಿಡಕ್ಕೆ ಪೆಟ್ಟಾಗದಂತೆ ಗೋಡೆಯ ಕಲ್ಲನ್ನೇ ಒಂದೊಂದಾಗಿ ಬಿಚ್ಚಿ, ಬೇರುಸಹಿತ ಸಸಿಯನ್ನು ಈಚೆಗೆ ತೆಗೆದರು. ಬೀದಿಯಲ್ಲಿ ನೆಟ್ಟರೆ ಆಡು ತಿನ್ನುತ್ತವೆ, ಹಿತ್ತಲ ನೆಲದಲ್ಲಿ ನೆಟ್ಟರೆ ಮತ್ತೆ ಗೋಡೆಗೇ ಬರುತ್ತದೆ. ತಳ ಸೀಳಿ ಮೂಲೆಗೆ ಬಿದ್ದಿದ್ದ ಕಲ್ಲುಮರಿಗೆ ಕಣ್ಣಿಗೆ ಬಿತ್ತು.

ಹಂಪಿಗೆ ಹೋದಾಗಲೆಲ್ಲ ಅವರು ಈ ಮಾತನ್ನು ಎತ್ತದೆ ಬಿಡುತ್ತಿರಲಿಲ್ಲ. ಗೋಪುರದ ಸಂದಿಯಲ್ಲಿ, ಮಂಟಪದ ಚಾವಣಿಯಲ್ಲಿ ಅರಳಿ, ಆಲ ಬೇರಿಳಿಸಿ ನಿಂತದ್ದನ್ನು ತೋರಿಸಿ ಹೇಳುವರು: "ಇಷ್ಟು ದೊಡ್ಡ ಊರು ಯಾರು ಕೆಡವಿದ್ರು, ಯಾರು ಕೆಡವಿದ್ರು ಅಂತ ಕೇಳ್ತಾರ. ಅರ್ಧ ಈ ಗಿಡಾನ ಕೆಡವ್ಯಾವ. ಜನ ಕೈಮುಕ್ಕೊಂತ ನೋಡ್ಕೊಂತ ನಿಂತಾರ." ಆಮೇಲೆ ಹೊಳೆಯ ದಂಡೆಗೆ ಇಳಿದು, ಕಾಳು ಕಾಳಾದ ಉಸುಕನ್ನು ಆರಿಸಿ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದರು. ದೇವರ ಪ್ರಸಾದ ನನ್ನ ಕೈಯಲ್ಲಿ, ಉಸುಕು ಅವರ ಸೆರಗಿನಲ್ಲಿ, ಹೀಗೆ ನಾವು ಊರಿಗೆ ಮರಳುತ್ತಿದ್ದೆವು.

ವರ್ಷ ಬಿಟ್ಟು ವರ್ಷ, ಶಿವರಾತ್ರಿ ಕಳೆದು ಯುಗಾದಿ ಬರುವುದರೊಳಗೆ, ಹಳೆಯ ಎಲೆ ಉದುರಿ ಟೊಂಗೆಯ ತುದಿಯಲ್ಲಿ ಕೆಂಪು ಮೊಗ್ಗು ಕಾಣಿಸಿಕೊಂಡ ಹೊತ್ತಿಗೆ ಅವರು ಗಿಡವನ್ನು ಮರಿಗೆಯಿಂದ ಎತ್ತುತ್ತಿದ್ದರು. ಮೊದಲ ಸಲ ಅದನ್ನು ನೋಡಿದಾಗ ನನಗೆ ಮೈ ಝುಮ್ಮೆಂದಿತ್ತು. ಹಿಂದಿನ ದಿನ ನೀರು ಹಾಕಿರಲಿಲ್ಲ. ಅಂಚಿನ ಸುತ್ತ ಕುಡುಗೋಲಿನ ಮೊನೆ ಆಡಿಸಿ, ಬುಡ ಹಿಡಿದು ಹಗುರಾಗಿ ತಿರುವಿದರು. ಗಿಡ ಮಣ್ಣಿನ ಮುದ್ದೆಯ ಸಮೇತ ಎದ್ದು ಬಂತು. ಮರಿಗೆಯ ಆಕಾರಕ್ಕೆ ಬೇರು ಸುತ್ತಿ ಸುತ್ತಿ ಚಾಪೆಯಾಗಿಬಿಟ್ಟಿತ್ತು. ದಬ್ಬಣದಿಂದ ಅದನ್ನು ಎಳೆ ಎಳೆಯಾಗಿ ಬಿಡಿಸತೊಡಗಿದರು. ಸಿಕ್ಕುಗಟ್ಟಿದ ತಲೆ ಬಾಚುವಾಗಿನ ತಾಳ್ಮೆ. ಬಿಡಿಸಿ ಮುಗಿಸಿದವರೇ ಮಾವನವರ ಹಳೆಯ ಅಡಕತ್ತರಿ ತೆಗೆದು, ಬೆರಳು ಗಾತ್ರದ ಬೇರೊಂದನ್ನು ಕಟ್ಟೆಂದು ಕತ್ತರಿಸಿದರು. ಬಿಳಿಯ ಹಾಲು ತೊಟ್ಟಿಕ್ಕಿತು. ನಾನು ಅಯ್ಯೋ ಎಂದೆ.

"ಯಾಕ ಅಯ್ಯೋ ಅಂತೀ?" ಅತ್ತೆ ತಲೆ ಎತ್ತಲಿಲ್ಲ. "ದಪ್ಪ ಬೇರು ಗಿಡಾನ್ನ ಹಿಡ್ಕೊಂಡಿರ್ತಾವ, ಸಣ್ಣ ಬೇರು ಊಟ ಹಾಕ್ತಾವ. ಇಲ್ಲಿ ಬಿರುಗಾಳಿ ಎಲ್ಲೈತಿ ಹಿಡ್ಕೊಳ್ಳಾಕ? ಇದಕ ಊಟ ಬೇಕು. ಬರೇ ಜಾಗ ಹಿಡಿಯೋವನ್ನ ತಗೀಬೇಕು, ಉಣಸೋವನ್ನ ಬಿಡಬೇಕು."

"ಸತ್ತು ಹೋದ್ರ?"

"ನಮ್ಮ ಕಂಪ್ಲಿ ಗದ್ದ್ಯಾಗ ನಾಟಿ ಹಚ್ಚೋದು ನೋಡಿಲ್ಲೇನು ನೀನು? ಸಸಿ ಕೀಳೋ ಮುಂದ ಅರ್ಧ ಬೇರು ಹರೀತಾವ. ಹರಿದ ಮ್ಯಾಲೆನ ಭತ್ತ ತೆಂಡಿ ಒಡೆದು ಬುಡ ತುಂಬತೈತಿ. ಹರೀಲಾರದ ಹಚ್ಚಿದ್ರ ಅಲ್ಲೇ ಮುದುರಿಕೊಂಡು ಕುಂದ್ರತೈತಿ."

ಕತ್ತರಿಸಿದ ಕಡೆಗೆ ಒಲೆಯ ಬೂದಿ ಒತ್ತಿದರು. ತಳದ ಸೀಳಿನ ಮೇಲೆ ಹೆಂಚಿನ ಚೂರು, ಅದರ ಮೇಲೆ ನಮ್ಮೂರ ಕೆಮ್ಮಣ್ಣು, ಹಂಪಿಯ ಉಸುಕು, ಪುಡಿಯಾದ ಹಳೆ ಗೊಬ್ಬರ ಕಲಸಿ ಹರಡಿದರು. ಗಿಡ ಕೂರಿಸಿ, ಬೇರಿನ ಸಂದಿಗೆಲ್ಲ ಮಣ್ಣು ಇಳಿಯುವಂತೆ ಕಡ್ಡಿಯಿಂದ ಕುಟ್ಟಿ, ಅಲುಗಾಡದಂತೆ ಮರಿಗೆಗೆ ನಾರಿನ ಹಗ್ಗದಿಂದ ಕಟ್ಟಿದರು. ಹೊಸ ಬೇರು ಹಿಡಿಯುವ ತನಕ ಅದು ನೆರಳಲ್ಲಿ ಇರಬೇಕು, ಗೊಬ್ಬರ ಕೂಡದು, ಯಾರೂ ಮುಟ್ಟಕೂಡದು. "ಬಾಣಂತಿ ಇದ್ದಂಗ" ಎಂದು ಹೇಳಿ, ನನ್ನ ಮುಖ ನೋಡಿ ಮಾತು ಬದಲಿಸಿದರು. ಮದುವೆಯಾಗಿ ಎರಡು ವರ್ಷ ಆಗಿತ್ತು ಆಗ. ಯಾರಾದರೂ ಬಾಣಂತಿ, ಬಸಿರು ಎಂದರೆ ನನ್ನ ಮುಖ ನೋಡುವ ಕಾಲ ಶುರುವಾಗಿತ್ತು.

ಕೋಪ ಬಂದಾಗ ಅತ್ತೆಯ ಬಾಯಿ ಚಾಟಿ. ಒಮ್ಮೆ ನಾವಿಬ್ಬರೂ ಕಂಪ್ಲಿಗೆ ಮದುವೆಗೆ ಹೋಗಿದ್ದಾಗ ಓಣಿಯ ಹೆಂಗಸರು ಸೋಮವಾರದ ಅಮಾವಾಸ್ಯೆ ಎಂದು ಹಿತ್ತಲಿಗೆ ಬಂದು ಗಿಡಕ್ಕೆ ಹಾಲೆರೆದು ಸುತ್ತು ಹಾಕಿ ಹೋಗಿದ್ದರು. ಕೆಲಸದಾಕೆ ಬಾಗಿಲು ತೆಗೆದಿದ್ದಳು, ಪುಣ್ಯದ ಕೆಲಸಕ್ಕೆ ಬೇಡ ಎನ್ನಲಾದೀತೇ? ಕಟ್ಟೆಯ ದೊಡ್ಡ ಮರಕ್ಕಾದರೆ ಒಂದು ಚೊಂಬು ಹಾಲು ಲೆಕ್ಕಕ್ಕಿಲ್ಲ. ಅಂಗೈಯಗಲದ ಮಣ್ಣಿನಲ್ಲಿರುವ ಗಿಡದ ಗತಿ ಏನಾಗಬೇಕು? ನಾವು ಬರುವಷ್ಟರಲ್ಲಿ ಮಣ್ಣು ಹುಳಿನಾತ ಹೊಡೆಯುತ್ತಿತ್ತು, ಇರುವೆ ಮುತ್ತಿತ್ತು, ಎಲೆ ಹಳದಿಯಾಗಿತ್ತು. ಅತ್ತೆ ಓಣಿಯ ನಡುವೆ ನಿಂತು, "ಹಾಲು ಕುಡಿಯಾಕ ಅದೇನು ಬೆಕ್ಕೇನ್ರೇ? ಅಂಗೈಯಾಗಿನ ಲಿಂಗಕ್ಕ ನೀರು ಹಾಕೋ ಪುರಸೊತ್ತಿಲ್ಲ, ನನ್ನ ಗಿಡಕ್ಕ ಹಾಲು ಹಾಕಾಕ ಬರ್ತೀರಿ!" ಎಂದು ಕೂಗಿದರು. ಆಮೇಲೆ ಗಿಡ ಎತ್ತಿ, ಕೊಳೆತು ಕಪ್ಪಾದ ಬೇರನ್ನೆಲ್ಲ ಕತ್ತರಿಸಿ, ಉಳಿದ ಹಿಡಿಯಷ್ಟು ಬೇರನ್ನು ಬರಿಯ ಉಸುಕಿನಲ್ಲಿಟ್ಟು ಬದುಕಿಸಿಕೊಂಡರು. ಬೈಸಿಕೊಂಡ ಹೆಂಗಸರಿಗೇ ಸಂಜೆ ಬೆಲ್ಲದ ಪಾಕದ ಕಡಲೆ ಉಂಡೆ ಕಳಿಸಿದ್ದೂ ಅವರೇ.

ವರ್ಷಗಳು ಹೋದವು, ನನಗೆ ಮಕ್ಕಳಾಗಲಿಲ್ಲ. ಬಳ್ಳಾರಿಯ ಆಸ್ಪತ್ರೆಗೆ ಹೋದದ್ದಾಯಿತು, ಬೇರು ನಾರು ಕುಡಿದದ್ದಾಯಿತು. ಹೆಂಗಸರು ಎಲ್ಲಿ ಸೇರಿದರೂ ಮಾತು ಸುತ್ತಿ ಬಳಸಿ ನನ್ನ ಹೊಟ್ಟೆಗೇ ಬರುತ್ತಿತ್ತು. ಅತ್ತೆ ಮಾತ್ರ ಆ ವಿಷಯ ಎತ್ತುತ್ತಿರಲಿಲ್ಲ. ಎತ್ತದಿರುವುದಕ್ಕೂ ನಾನು ಹೆದರುತ್ತಿದ್ದೆ, ಒಳಗೇ ಏನು ಲೆಕ್ಕ ಹಾಕುತ್ತಿದ್ದಾರೋ ಎಂದು.

ಮಾತು ಹೊರಗೆ ಬಂದದ್ದು ಕಂಪ್ಲಿಯ ದೊಡ್ಡಮಾವನವರ ಬಾಯಿಂದ. ಅವರು ನಮ್ಮ ಮಾವನವರ ಅಣ್ಣ, ಮನೆತನಕ್ಕೆ ಹಿರಿಯರು. ಕೆಟ್ಟ ಮನುಷ್ಯರೇನಲ್ಲ, ತಮ್ಮ ಸತ್ತಮೇಲೆ ಈ ಮನೆಯ ಗದ್ದೆಯನ್ನು ಒಂದು ಕಾಳು ಹೆಚ್ಚುಕಡಿಮೆಯಾಗದಂತೆ ನೋಡಿಕೊಂಡವರು. ಅತ್ತೆ ಅವರೆದುರು ಬರುತ್ತಿರಲಿಲ್ಲ. ಗಂಡನ ಅಣ್ಣನೆಂದರೆ ಮುಖ ತೋರಿಸಬಾರದು, ನೇರ ಮಾತಾಡಬಾರದು ಎಂಬುದು ನಮ್ಮಲ್ಲಿ ಆಗ ಕಟ್ಟುನಿಟ್ಟು. ಓಣಿಯನ್ನೆಲ್ಲ ನಡುಗಿಸುವ ಅತ್ತೆ, ಭಾವ ಬಂದರೆ ಬಾಗಿಲ ಹಿಂದೆ ನಿಂತು, ಮಗನ ಮೂಲಕವೇ ಮಾತು ಸಾಗಿಸುತ್ತಿದ್ದರು.

ಆ ಸಲ ಬೇಸಿಗೆಯ ನಡುಮಧ್ಯೆ ಬಂದ ದೊಡ್ಡಮಾವ ಹಿತ್ತಲಲ್ಲಿ ಕಾಲು ತೊಳೆಯುವಾಗ ಗಿಡವನ್ನು ನೋಡಿದರು. ಪಡಸಾಲೆಗೆ ಬಂದು ಕೂತು ನಮ್ಮ ಮನೆಯವರಿಗೆ ಹೇಳಿದರು: "ತಮ್ಮಾ, ದೇವರ ಗಿಡಾನ್ನ ಬೆಳೀಗೊಡದ ಬೇರು ಕಡೀತೀರಿ. ಅದು ವಂಶದ ಬೇರು ಕಡಿದಂಗ. ಇಂಥಾ ಮನ್ಯಾಗ ಮಕ್ಕಳು ಹೆಂಗ ಆಗಬೇಕು? ನನ್ನ ಹೆಣ್ತಿ ತಮ್ಮನ ಮಗಳು ಒಬ್ಬಾಕಿ ಅದಾಳ. ಮುಂದಿನ ಮಾತು ನಿಂಗ ತಿಳಿದಿರಬೇಕು."

ನಮ್ಮ ಮನೆಯವರು ತಲೆ ತಗ್ಗಿಸಿದರು. ಹಿರಿಯರೆದುರು ಅವರ ನಾಲಿಗೆ ಹೊರಳುತ್ತಿರಲಿಲ್ಲ. ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು: "ಗಿಡ ತೆಗೆದ್ರ ಭಾವಾರು ಸುಮ್ಮನಾಗ್ತಾರೇನು ಕೇಳು ತಮ್ಮಾ."

"ಗಿಡ ಬಯಲಿಗೆ ಹಚ್ಚಲಿ. ಒಂದು ವರ್ಷ ನೋಡೋಣ. ಆಮ್ಯಾಲೆ ಕೂತು ಮಾತಾಡೋಣ."

"ಮಳಿ ಬೀಳೋ ತನಕ ತಾಳ್ರಿ ಅನ್ನು. ಈ ಬಿಸಿಲಾಗ ಹಚ್ಚಿದ್ರ ಗಿಡ ಸಾಯ್ತೈತಿ."

"ಬರೋ ಅಮಾವಾಸಿ ಒಳಗ ಆಗಬೇಕು" ಎಂದರು ದೊಡ್ಡಮಾವ. ನಂತರ ಅತ್ತೆ, "ಆತು ಅನ್ನು" ಎಂದರು.

ಮಾರನೆಯ ದಿನ ಬೆಳಕು ಹರಿಯುತ್ತಲೇ ಅವರು ಗಿಡ ಎತ್ತಿದರು. ಅದರ ಎಲೆಯನ್ನೆಲ್ಲ ಅರ್ಧರ್ಧ ಕತ್ತರಿಸಿದರು, ನೆಲಕ್ಕೆ ಹೊಂದಿಕೊಳ್ಳುವ ಮುಂಚೆ ಬಿಸಿಲಿಗೆ ಬಾಡಬಾರದೆಂದು. ಬೇರನ್ನು ಮಾತ್ರ ಕತ್ತರಿಸಲಿಲ್ಲ. ಊರ ಹೊರಗಿನ ಕಾಲುವೆಯ ದಂಡೆಯಲ್ಲಿ, ನಮ್ಮ ಮನೆಯವರು ತೋಡಿದ ಅಗಲವಾದ ಗುಂಡಿಯಲ್ಲಿ ಕೂತು, ಸುತ್ತಿಕೊಂಡಿದ್ದ ಒಂದೊಂದು ಬೇರನ್ನೂ ಬಿಡಿಸಿ ಉದ್ದಕ್ಕೆ ಚಾಚಿ ಮಲಗಿಸಿದರು. ಎಷ್ಟೋ ವರ್ಷ ಆ ಬೇರಿಗೆ ಇಷ್ಟೇ ಜಾಗ ಎಂದು ಹೇಳಿಕೊಂಡು ಬಂದವರು ಅಂದು, "ಹೋಗು, ಎಲ್ಲಿ ತನಕ ಹೋಗ್ತೀ ಹೋಗು" ಎನ್ನುತ್ತಿದ್ದರು. ಕಣ್ಣಲ್ಲಿ ನೀರಿತ್ತು. ಗಂಡ ಸತ್ತ ವರ್ಷದಿಂದ ಸಾಕಿದ ಗಿಡ ಅದು, ಆ ದುಃಖದ ದಿನಗಳಲ್ಲಿ ಬೆಳಗ್ಗೆ ಎದ್ದು ನೋಡಲು ಅವರಿಗಿದ್ದದ್ದು ಅದೊಂದೇ. ನಾನು ಇದೆಲ್ಲ ನನ್ನಿಂದ ಎಂದು ಕುಗ್ಗಿಹೋಗಿದ್ದೆ.

ದಾರಿಯಲ್ಲಿ ಕೇಳಿದೆ: "ಅತ್ತಿಯವರ, ಗಿಡದಿಂದ ಹಿಂಗಾಗೈತಿ ಅಂತ ನಿಮಗ ನಂಬಿಕಿ ಐತೇನ್ರಿ?"

"ಗಿಡಕ್ಕೂ ಬಸುರಿಗೂ ಏನು ಸಂಬಂಧ ಹುಚ್ಚಿ?" ಎಂದರು. "ನಂಗ ಅವರ ಬಾಯಾಗಿನ ಮಾತು ತೀರಿಸಬೇಕಾಗೈತಿ. ಇವತ್ತು ಗಿಡ ಅಂದ್ರು. ಗಿಡ ಇಲ್ಲದ ಮ್ಯಾಲೆ ಏನಂತಾರ ನೋಡೋಣು."

ಅವರಿಗೆ ನಂಬಿಕೆ ಇರಲಿಲ್ಲ. ನನಗಿತ್ತು ಎನ್ನಲಾರೆ, ಆದರೆ ನಂಬದೆ ಇರಲು ನನ್ನಿಂದಾಗಲಿಲ್ಲ. ಆ ವರ್ಷ ಪ್ರತಿ ತಿಂಗಳೂ ಕಾದೆ. ಅತ್ತೆಯೂ ಕಾಯುತ್ತಿದ್ದರು, ಗಿಡಕ್ಕಾಗಿ. ಜೋಳದ ದಂಟಿನಿಂದ ಅದಕ್ಕೊಂದು ಚಪ್ಪರ ಕಟ್ಟಿ, ದಿನಾ ಕಾಲುವೆಯಿಂದ ಕೊಡದಲ್ಲಿ ನೀರು ಹೊತ್ತು ಹಾಕಿದರು. ಇದ್ದ ಎಲೆಯೆಲ್ಲ ಉದುರಿ ಬರಿ ಕಡ್ಡಿಯಾಯಿತು. ಉಗುರಿನಿಂದ ತೊಗಟೆ ಗೀರಿ, "ಹಸರು ಐತಿ, ಜೀವ ಐತಿ" ಎಂದು ಬರುವರು. ಮಳೆ ಬಿದ್ದ ಮೇಲೆ ಅದರಲ್ಲಿ ಚಿಗುರು ಮೂಡಿತು. ನನ್ನಲ್ಲಿ ಏನೂ ಆಗಲಿಲ್ಲ.

ವರ್ಷ ತುಂಬಿದ ಮೇಲೆ ದೊಡ್ಡಮಾವ ಮತ್ತೆ ಬಂದರು. ಈ ಸಲ ಜೊತೆಗೆ ಹುಡುಗಿಯ ತಂದೆ ಇದ್ದರು, ತಟ್ಟೆಯಲ್ಲಿ ಎಲೆ ಅಡಿಕೆ ಇತ್ತು. ನಾನು ನನ್ನ ಸೀರೆಗಳನ್ನು ಟ್ರಂಕಿನಲ್ಲಿ ಮಡಿಸಿಟ್ಟಿದ್ದೆ. ಸವತಿಯ ಕೈಕೆಳಗೆ ಇರುವುದಕ್ಕಿಂತ ಸಂಡೂರಿಗೆ ಹೋಗಿ ಅಣ್ಣನ ಮನೆಯಲ್ಲಿ ರೊಟ್ಟಿ ಬಡಿಯುವುದು ವಾಸಿ ಎಂದು ತೀರ್ಮಾನಿಸಿದ್ದೆ. ದೊಡ್ಡಮಾವ ಮಾತು ತೆಗೆದರು: "ಹೇಳಿದ ವರ್ಷ ಆತು. ಇನ್ನ ತಡ ಬ್ಯಾಡ. ನಿಮ್ಮವ್ವಗ ಕೇಳು ತಮ್ಮಾ, ಏನಂತಾಳ."

ನಮ್ಮ ಮನೆಯವರು ಬಾಗಿಲ ಕಡೆ ತಿರುಗಿದರು. ಬಾಗಿಲ ಹಿಂದಿನಿಂದ ದನಿ ಬರಲಿಲ್ಲ. ಅತ್ತೆಯೇ ಹೊಸ್ತಿಲು ದಾಟಿ ಪಡಸಾಲೆಗೆ ಬಂದರು. ತಲೆಯ ಮೇಲೆ ಸೆರಗಿತ್ತು, ಮುಖ ಮುಚ್ಚಿರಲಿಲ್ಲ. ಹುಡುಗಿಯ ತಂದೆ ಗಾಬರಿಯಾಗಿ ಎದ್ದು ನಿಂತರು. ದೊಡ್ಡಮಾವ ಗೋಡೆ ನೋಡಿದರು.

"ಭಾವಾರ, ಇವತ್ತು ನಾ ನಿಮ್ಮ ಮುಂದ ಬಂದು ಮಾತಾಡಿದ್ದಕ್ಕ ತಪ್ಪು ತಿಳೀಬ್ಯಾಡ್ರಿ" ಎಂದರು ಅತ್ತೆ. "ಗಿಡ ತಗೀರಿ ಅಂದ್ರಿ, ತಗದೆ. ಮಕ್ಕಳು ಆಗಲಿಲ್ಲ. ಅಂದ ಮ್ಯಾಲೆ ತಪ್ಪು ಗಿಡದ್ದಲ್ಲ. ಈಗ ಈಕೀದು ಅಂತೀರಿ. ಈಕೀನ್ನ ಮೂಲಿಗೆ ಹಾಕಿ ಇನ್ನೊಬ್ಬಾಕಿನ್ನ ತರೋಣು. ಆಕೀಗೂ ಆಗಲಿಲ್ಲ ಅಂದ್ರ? ಮುಂದ ಯಾರ್ದಂತೀರಿ? ನನ್ನ ಮಗನ ತಪ್ಪು ಇದ್ರೂ ಇರಬಹುದು ಅಂತ ಇವತ್ತ ಒಪ್ಪಿಕೊಂಡು, ಆಮ್ಯಾಲೆ ಎಲಿ ಅಡಕಿ ತಗೊಳ್ರಿ. ಪರರ ಹೆಣ್ಣುಮಗಳನ್ನ ಬಾವಿಗೆ ನೂಕೋ ಮುಂದ ಆಳ ನೋಡಬೇಕಲ್ರಿ?"

ಹೆತ್ತ ತಾಯಿ ಮಗನ ಬಗ್ಗೆ ಹೀಗೆ, ಹಿರಿಯರ ಎದುರಿಗೆ, ಹೊರಗಿನವರ ಎದುರಿಗೆ! ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ದೊಡ್ಡಮಾವನ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವ ಮೊದಲು ನಮ್ಮ ಮನೆಯವರು ಮಾತಾಡಿದರು. ಆ ಪಡಸಾಲೆಯಲ್ಲಿ ಅವರು ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ.

"ಹೌದು ದೊಡ್ಡಪ್ಪಾ. ನನ್ನ ತಪ್ಪು ಇದ್ರೂ ಇರಬಹುದು. ನಂಗ ಇನ್ನೊಂದು ಲಗ್ನ ಬ್ಯಾಡ."

ಹುಡುಗಿಯ ತಂದೆ ತಟ್ಟೆ ಎತ್ತಿಕೊಂಡರು. ಅವರಾದರೂ ಮಗಳ ತಂದೆಯೇ ಅಲ್ಲವೇ? ಹೋಗುವಾಗ ಅತ್ತೆಗೆ ಕೈಮುಗಿದು ಹೋದರು. ದೊಡ್ಡಮಾವ ಆ ದಿನ ನಮ್ಮಲ್ಲಿ ಊಟ ಮಾಡಲಿಲ್ಲ, ಆದರೆ ಸುಗ್ಗಿಯ ಹೊತ್ತಿಗೆ ಎಂದಿನಂತೆ ಹೊಸ ಅಕ್ಕಿಯ ಮೂಟೆ ಕಳಿಸಿದರು. ಆ ಮಾತನ್ನು ಮತ್ತೆ ಎತ್ತಲಿಲ್ಲ. ನಾನು ಟ್ರಂಕಿನಿಂದ ಸೀರೆ ತೆಗೆಯುವಾಗ ಅತ್ತೆ ಬಂದು ನೋಡಿ, "ಗಂಟು ಕಟ್ಟಿದ್ದೇನು? ನನ್ನ ಕೇಳಲಾರದ?" ಎಂದು ನಿಜಕ್ಕೂ ಸಿಟ್ಟಾದರು. ಎರಡು ದಿನ ಮಾತು ಬಿಟ್ಟರು.

ನೆಲ ಕಂಡ ಗಿಡ ಇಷ್ಟು ದಿನದ ಹಸಿವೆಯನ್ನೆಲ್ಲ ತೀರಿಸಿಕೊಳ್ಳುವಂತೆ ಬೆಳೆಯಿತು. ಯುದ್ಧದ ವರ್ಷಗಳಲ್ಲಿ, ಅಕ್ಕಿಗೂ ಸೀಮೆಎಣ್ಣೆಗೂ ಸಾಲುಗಟ್ಟಿ ನಿಲ್ಲುತ್ತಿದ್ದ ಆ ಕಾಲದಲ್ಲಿ, ಅದು ಮನೆಯೆತ್ತರ ದಾಟಿತು. ಯಾರೋ ಬುಡಕ್ಕೆ ನಾಗರಕಲ್ಲು ತಂದಿಟ್ಟರು, ಯಾರೋ ಅರಿಸಿನದ ದಾರ ಸುತ್ತಿದರು. ಮಕ್ಕಳಾಗದವರು ಸುತ್ತು ಹಾಕಿದರೆ ಆಗುತ್ತದೆಂದು ಪ್ರತೀತಿ ಹುಟ್ಟಿತು. ಒಂದು ಸೋಮವಾರ ಕಾಲುವೆಗೆ ಹೋದಾಗ ಸಾಲುಸಾಲು ಹೆಂಗಸರು ಅದಕ್ಕೆ ಹಾಲೆರೆದು ಸುತ್ತುತ್ತಿದ್ದದ್ದನ್ನು ಅತ್ತೆ ನೋಡಿದರು. ದಂಡೆಯ ಮೇಲೆ ಕೂತು ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮನಿ ವಂಶ ತಿಂದ ಗಿಡ ಊರಿಗೆಲ್ಲ ಮಕ್ಕಳು ಕೊಡ್ತೈತಂತ ನೋಡವ್ವ! ಭಾವಾರ್ನ ಕರ್ಕೊಂಬಂದು ತೋರಸಬೇಕು!" ನನಗೂ ನಗು ಬಂತು. ಆ ವಿಷಯಕ್ಕೆ ನಾನು ನಕ್ಕದ್ದು ಅದೇ ಮೊದಲು. ಹಾಲೆರೆಯುವುದನ್ನು ಅವರು ತಡೆಯಲಿಲ್ಲ. ಈಗ ಅದು ದೊಡ್ಡ ಮರ, ತಾಳಿಕೊಳ್ಳುತ್ತದೆ ಎಂದರು.

ಯುದ್ಧ ಮುಗಿದ ಮೇಲೆ ಅವರಿಗೆ ಒಂದು ಮಗ್ಗುಲು ಸ್ವಾಧೀನ ತಪ್ಪಿತು. ಹಾಸಿಗೆ ಹಿಡಿದರು. ಉಣಿಸುವುದು, ಮೈ ಒರೆಸುವುದು, ಹೊರಳಿಸುವುದು ನನ್ನ ಪಾಲಿಗೆ ಬಂತು. ಹಾಸಿಗೆಯಲ್ಲಿ ಮಲಗಿದ್ದರಿಂದ ಅವರ ಹಣೆಯ ವಿಭೂತಿ ದಿನವಿಡೀ ಕೆಡದೆ ಇರುತ್ತಿತ್ತು. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಒಂದು ಮಧ್ಯಾಹ್ನ ತಲೆ ಬಾಚುತ್ತಾ, ಅಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಿಬಿಟ್ಟೆ: "ಅತ್ತಿಯವರ, ಮೊಮ್ಮಕ್ಕಳು ಆಗಲಿಲ್ಲ ಅಂತ ನಿಮಗ ಒಂದಿನನೂ ಕೆಟ್ಟ ಅನಸಲಿಲ್ಲೇನ್ರಿ?"

ಅತ್ತೆಯ ಮಾತು ತೊದಲುತ್ತಿತ್ತು, ಆದರೂ ತಿಳಿಯುವಂತೆ ಹೇಳಿದರು.

"ಅನಸಲಾರದ ಇರ್ತೈತೇನವ್ವ? ಭಾಳ ಅನಸ್ತಿತ್ತು. ಅಟ್ಟದ ಮ್ಯಾಲೆ ನನ್ನ ಮಗನ ತೊಟ್ಟಿಲ ಐತಿ. ನೀನು ಕಾಲುವಿಗೆ ಹೋದಾಗ ಹತ್ತಿ ಹೋಗಿ ಒರಸಿ ಇಡ್ತಿದ್ದೆ. ನಿನ್ನ ಮುಂದ ಹೆಂಗ ಅಳ್ಲಿ? ನಿನ್ನ ದುಃಖ ನಿಂಗ ಸಾಕಾಗಿತ್ತು, ನಂದೂ ನೀ ಹೊರಬೇಕಾಗ್ತಿತ್ತು."

ಆ ವಾರವೇ ಅವರು ಲಿಂಗೈಕ್ಯರಾದರು. ಕೂರಿಸಿ ಹೂವು ಹಾಕಿದಾಗ ಓಣಿಗೆ ಓಣಿಯೇ ಬಂದಿತ್ತು. ಬೈಸಿಕೊಂಡವರೆಲ್ಲ ಬಂದು ಅತ್ತರು.

ಎಲ್ಲರೂ ಹೋಗಿ ಮನೆ ಬರಿದಾದ ಮೇಲೆ ನಾನು ಅಟ್ಟ ಹತ್ತಿದೆ. ಇಷ್ಟು ವರ್ಷ ಆ ಮನೆಯಲ್ಲಿದ್ದರೂ ಆ ಮೂಲೆಗೆ ನಾನು ಹೋಗಿರಲೇ ಇಲ್ಲ. ಬಿಳಿ ಬಟ್ಟೆ ಹೊದಿಸಿದ ತೊಟ್ಟಿಲಿತ್ತು. ಸುತ್ತಲಿನ ಸಾಮಾನಿನ ಮೇಲೆಲ್ಲ ಬೆರಳುದಪ್ಪ ಧೂಳು, ಜೇಡರ ಬಲೆ. ತೊಟ್ಟಿಲಿನ ಮೇಲೆ ಮಾತ್ರ ತೆಳ್ಳಗೆ, ಅವರು ಹಾಸಿಗೆ ಹಿಡಿದ ದಿನಗಳಷ್ಟೇ ಧೂಳು. ಮೊಮ್ಮಗುವಿಗಾಗಿ ಇಷ್ಟು ಆಸೆಪಟ್ಟವರು, ಎಲೆ ಅಡಿಕೆಯ ತಟ್ಟೆ ಎದುರಿಗೆ ಬಂದ ದಿನ ಅದನ್ನು ಬೇಡವೆಂದು ನನ್ನನ್ನು ಉಳಿಸಿಕೊಂಡಿದ್ದರು. ತೊಟ್ಟಿಲ ಪಕ್ಕ ಕೂತು, ಅಳುತ್ತಲೇ, ಆ ಧೂಳನ್ನು ಸೆರಗಿನಿಂದ ಒರೆಸಿದೆ.